ಕೊಂಡಿಯೂ ಕೃತಿಸ್ವಾಮ್ಯವೂ

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ನಾಲ್ಕನೆಯ ಸಂಪುಟವು 1898ರಲ್ಲಿ ಪ್ರಕಟವಾಯಿತು. ಹುಣಸೂರು, ಹೆಗ್ಗಡದೇವನಕೋಟೆ ಮೊದಲಾದ ತಾಲೂಕುಗಳಲ್ಲಿ ದೊರೆತ ಶಾಸನಗಳು ಅದರಲ್ಲಿ ಅಚ್ಚಾಗಿವೆ. ಗುಡಿಯ ಮುಂದೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಇದ್ದ ಒಂದೊಂದು ಕಲ್ಲಿಗೂ ತಾಲೂಕಿನ ಹೆಸರಿನ ಕೆಳಗೆ ಒಂದು ಅಂಕಿಯನ್ನು ಕೊಟ್ಟರು. ಅಂದಿನಿಂದ ಚರಿತ್ರೆಯನ್ನು ಬರೆಯುವವರು ಶಾಸನದ ಪಾಠವನ್ನೆಲ್ಲ ಎತ್ತಿ ಬರೆಯಬೇಕಾಗಿಲ್ಲ. ‘ಸಂಪುಟ ನಾಲ್ಕು, ಹುಣಸೂರು, ಇಂತಿಷ್ಟನೆಯದು’ ಎಂದು ಅಡಿಯಲ್ಲಿ ಸೂಚಿಸಿದರೆ ಸಾಕು. ಬೇಕಾದವರು ಸಂಪುಟವನ್ನು ತೆರೆದು ನೋಡಿಕೊಳ್ಳುವರು. ಇಂಥ ಅಡಿಟಿಪ್ಪಣಿಯನ್ನು ಬರೆಯುವುದು ಗ್ರಂಥಚೌರ್ಯವೆಂದು ಇದುವರೆಗೆ ಯಾರೂ ಹೇಳಿದ್ದಿಲ್ಲ. ಹೇಳಿದ್ದರೆ ನಕ್ಕುಬಿಡುತ್ತಿದ್ದೆವು.

ಆದರೆ ಅದೇ ಅಡಿಟಿಪ್ಪಣಿಯು ಅಂತರ್ಜಾಲದ ಪುಟದಲ್ಲಿ ನೀಲಿಯ ಬಣ್ಣದ ಕೊಂಡಿಯಾಗಿ ಬಂದಾಗ ನಗುವುದು ಅಷ್ಟು ಸುಲಭವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಸೀಮೆಯ ಇತಿಹಾಸವನ್ನು ಕುರಿತು ಜಾಲಪುಟವೊಂದನ್ನು ಸಿದ್ಧಪಡಿಸಲು ಕುಳಿತರೆಂದು ಭಾವಿಸೋಣ. ಒಬ್ಬನು ಜಾಲದಲ್ಲಿ ಕಂಡದ್ದೆಲ್ಲ ಎಲ್ಲರ ಸ್ವತ್ತೆಂದು ತಿಳಿದು ಇಡಿಯ ಪುಸ್ತಕವನ್ನೇ ತನ್ನ ಪುಟಕ್ಕೆ ಏರಿಸಿಬಿಡುವನು. ಇನ್ನೊಬ್ಬಳು ಕೃತಿಸ್ವಾಮ್ಯದ ಹೆಸರನ್ನು ಕೇಳಿಯೇ ಹೆದರಿ, ಒಂದು ಕೊಂಡಿಯನ್ನು ಕೊಡಲೂ ಹಿಂಜರಿಯುವಳು. ಮೊದಲನೆಯವನಿಂದ ಲೇಖಕನಿಗೆ ನಷ್ಟ. ಎರಡನೆಯವಳಿಂದ ಓದುಗನಿಗೆ ನಷ್ಟ. ಇಬ್ಬರ ತಪ್ಪಿಗೂ ಮೂಲ ಒಂದೇ: ವಸ್ತುವನ್ನು ಕೊಡುವುದಕ್ಕೂ ಅದು ಇರುವ ಸ್ಥಳವನ್ನು ಹೇಳುವುದಕ್ಕೂ ಇರುವ ಅಂತರವನ್ನು ಗಮನಿಸದೆ ಇರುವುದು.

ಈ ಅಂತರವು ನ್ಯಾಯಶಾಸ್ತ್ರದಲ್ಲಿ ಹುಟ್ಟುವುದಕ್ಕೆ ಮುಂಚೆ ಯಂತ್ರದಲ್ಲಿಯೇ ಇದೆ. ಕೊಂಡಿ ಎಂಬುದು ನಿಜವಾಗಿ ಏನು? ಪುಟದ ಬರವಣಿಗೆಯ ನಡುವೆ ಅಡಗಿಸಿಟ್ಟ ಒಂದು ವಿಳಾಸ, ಅಷ್ಟೆ. ಓದುಗನು ಅದನ್ನು ಒತ್ತಿದಾಗ ಅವನ ಬ್ರೌಸರ್ ಆ ವಿಳಾಸದ ಹೆಸರನ್ನು ಮೊದಲು ಹೆಸರುಗಳ ದಾಖಲೆಯನ್ನಿಟ್ಟಿರುವ ಯಂತ್ರಕ್ಕೆ ತೋರಿಸಿ ಅಂಕಿಯ ವಿಳಾಸವನ್ನು ಪಡೆಯುವುದು. ಬಳಿಕ ಆ ಅಂಕಿಯ ಸರ್ವರನ್ನು ‘ಈ ಪುಟವನ್ನು ಕಳುಹಿಸು’ ಎಂದು ಕೇಳುವುದು. ಸರ್ವರ್ ಒಪ್ಪಿದರೆ ಪುಟದ ಪ್ರತಿಯೊಂದು ಅಲ್ಲಿಂದ ನೇರವಾಗಿ ಓದುಗನ ಯಂತ್ರಕ್ಕೆ ಬರುವುದು. ಕೊಂಡಿಯನ್ನು ಬರೆದವನ ಯಂತ್ರವು ಈ ಕೊಡುಕೊಳ್ಳುವಿಕೆಯ ದಾರಿಯಲ್ಲಿಯೇ ಇಲ್ಲ. ಕೃತಿಯ ಒಡೆಯನು ಪುಟವನ್ನು ಕಿತ್ತುಹಾಕಿದರೆ ಜಗತ್ತಿನಲ್ಲಿರುವ ಎಲ್ಲ ಕೊಂಡಿಗಳೂ ಅದೇ ಕ್ಷಣದಲ್ಲಿ ಬರಿದಾಗುವುವು. ಪ್ರತಿ ಮಾಡಿಕೊಂಡಿದ್ದರೆ ಹಾಗಾಗುತ್ತಿರಲಿಲ್ಲ. ಗಾತ್ರದಲ್ಲಿಯೂ ವ್ಯತ್ಯಾಸ ಅಪಾರ. ಒಂದು ವಿಳಾಸವು ನೂರು ಬೈಟುಗಳಷ್ಟಿದ್ದರೆ, ಚಿತ್ರರೂಪದಲ್ಲಿ ಸೆರೆಹಿಡಿದ ಪುಸ್ತಕವು ಸುಲಭವಾಗಿ ಐದು ಕೋಟಿ ಬೈಟುಗಳಷ್ಟಾಗಬಹುದು. ಎಂದರೆ ಐದು ಲಕ್ಷ ಪಟ್ಟು.

ಇಲ್ಲಿ ಒಂದು ಚಿಕ್ಕ ವಿಷಯವನ್ನು ಹೇಳಿ ಮುಂದುವರಿಯೋಣ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ಬೇರೆ ಕಡೆ ಅಂಟಿಸಿದಾಗ ಶೇಕಡಾ ಚಿಹ್ನೆಗಳೂ ಅಂಕಿಗಳೂ ಬೆರೆತ ವಿಚಿತ್ರವಾದ ಸಾಲೊಂದು ಕಾಣುವುದನ್ನು ಅನೇಕರು ನೋಡಿರಬಹುದು. ಇದು ಮಾಟವೂ ಅಲ್ಲ, ದೋಷವೂ ಅಲ್ಲ. ‘ಹುಣಸೂರು’ ಎಂಬ ಪದವನ್ನು ಯಂತ್ರವು ಏಳು ಸಂಕೇತಗಳಾಗಿ ಬರೆದುಕೊಳ್ಳುವುದು. ಸ್ವರಚಿಹ್ನೆಗಳೂ ಲೆಕ್ಕಕ್ಕೆ ಸೇರುವುವು. ಒಂದೊಂದು ಸಂಕೇತಕ್ಕೆ ಮೂರು ಬೈಟು, ಒಟ್ಟು ಇಪ್ಪತ್ತೊಂದು. ವಿಳಾಸದಲ್ಲಿ ಒಂದೊಂದು ಬೈಟಿಗೂ ಶೇಕಡಾ ಚಿಹ್ನೆಯೊಡನೆ ಎರಡು ಅಕ್ಷರಗಳು ಬೇಕಾದುದರಿಂದ ಅರವತ್ತಮೂರು ಗುರುತುಗಳಾಗುವುವು. ಓದಲು ಬಾರದಿದ್ದರೂ ಅದು ಊರ ಹೆಸರೇ.

ಕೊಂಡಿಯಂತೆ ಕಾಣದ ಕೊಂಡಿಯೊಂದು ಉಂಟು. ಇನ್ನೊಬ್ಬರ ಚಿತ್ರವನ್ನಾಗಲಿ ಚಲಚ್ಚಿತ್ರವನ್ನಾಗಲಿ ನಮ್ಮ ಪುಟದ ಚೌಕಟ್ಟಿನೊಳಗೇ ಕಾಣುವಂತೆ ಹುದುಗಿಸಬಹುದು. ಇಲ್ಲಿಯೂ ಚಿತ್ರವು ಬರುವುದು ಮೂಲದ ಸರ್ವರಿನಿಂದಲೇ. ನಮ್ಮಲ್ಲಿರುವುದು ವಿಳಾಸ ಮಾತ್ರವೇ. ಆದರೆ ನೋಡುವವನಿಗೆ ಅದು ನಮ್ಮದೇ ಎಂಬಂತೆ ತೋರುವುದು. ಯಂತ್ರದ ದೃಷ್ಟಿಯಿಂದ ಇದು ಕೊಂಡಿ, ಕಣ್ಣಿನ ದೃಷ್ಟಿಯಿಂದ ಪ್ರತಿ. ನ್ಯಾಯಾಲಯಗಳು ಅತ್ಯಂತ ಹೆಚ್ಚು ತಿಣುಕಿರುವುದು ಇಲ್ಲಿಯೇ.

ಈಗ ಕೃತಿಸ್ವಾಮ್ಯಕ್ಕೆ ಬರೋಣ. ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರದು. 1958ರ ಜನವರಿ 21ರಿಂದ ಜಾರಿಗೆ ಬಂದಿತು. ಅದು ಕಾಪಾಡುವುದು ವಿಚಾರವನ್ನಲ್ಲ, ವಿಚಾರಕ್ಕೆ ಲೇಖಕನು ಕೊಟ್ಟ ಮಾತಿನ ರೂಪವನ್ನು. ಕೃತಿಯನ್ನು ಪ್ರತಿ ಮಾಡುವ, ಭಾಷಾಂತರಿಸುವ, ಸಾರ್ವಜನಿಕರಿಗೆ ತಲುಪಿಸುವ ಅಧಿಕಾರವು ಒಡೆಯನೊಬ್ಬನದು. ಬರಿಯ ಹೆಸರಿಗೆ ಈ ರಕ್ಷಣೆಯಿಲ್ಲ. ಕೃತಿಯ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಮಾನಿಸಿತು. ಆದುದರಿಂದ ಪುಸ್ತಕದ ಹೆಸರನ್ನು ಬರೆದು ಅದರ ಕೆಳಗೆ ವಿಳಾಸವನ್ನು ಸೇರಿಸಿದಾಗ, ನಮ್ಮ ಪುಟದಲ್ಲಿ ಒಡೆಯನ ಬರವಣಿಗೆಯ ಒಂದು ಪದವೂ ಇಲ್ಲವೆಂದು ಹೇಳಬಹುದು.

ಸ್ವಾಮ್ಯಕ್ಕೆ ಕೊನೆಯೂ ಉಂಟು. ಲೇಖಕನು ತೀರಿಕೊಂಡ ಮರುವರ್ಷದ ಮೊದಲ ದಿನದಿಂದ ಎಣಿಸಿ ಅರವತ್ತು ವರ್ಷಗಳು. ಮೊದಲು ಇದು ಐವತ್ತಾಗಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಸ್ವಾಮ್ಯವು 1991ರ ಅಂತ್ಯಕ್ಕೆ ಮುಗಿಯಲಿದ್ದ ಸಂದರ್ಭದಲ್ಲಿ ಅದನ್ನು ಅರವತ್ತಕ್ಕೆ ಏರಿಸಿದರು. ಈ ಲೆಕ್ಕದಂತೆ 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಬರಹಗಳು 2007ರಿಂದ ಎಲ್ಲರವೂ ಆಗಿವೆ. 1975ರಲ್ಲಿ ತೀರಿಕೊಂಡ ಡಿ. ವಿ. ಗುಂಡಪ್ಪನವರ ಕೃತಿಗಳ ಸ್ವಾಮ್ಯ 2035ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೂ ಉಳಿಯುವುದು.

ನಮ್ಮ ನಾಲ್ಕು ತಾಲೂಕುಗಳ ಸಾಮಗ್ರಿಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ವಿಷಯ ಸ್ವಾರಸ್ಯವಾಗುವುದು. ಹೊಲದಲ್ಲಿ ನಿಂತ ಹತ್ತನೆಯ ಶತಮಾನದ ವೀರಗಲ್ಲಿನ ಮಾತಿಗೆ ಯಾವ ಒಡೆಯನೂ ಇಲ್ಲ. ಹುಣಸೂರು ತಾಲೂಕಿನ ಕಲ್ಲಹಳ್ಳಿಯ ಅರಸನಾಗಿದ್ದು, ಹದಿನಾರನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವೆಂಬ ಅಡುಗೆಯ ಗ್ರಂಥವನ್ನು ಪದ್ಯದಲ್ಲಿ ಬರೆದ ಮೂರನೆಯ ಮಂಗರಸನ ಪದ್ಯಗಳಿಗೂ ಇಲ್ಲ. ರೈಸ್ ಅವರ 1898ರ ಸಂಪುಟದ ಅವಧಿ ಎಂದೋ ತೀರಿತು. ಆದರೆ ಅದೇ ಶಾಸನಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1970ರ ದಶಕದಲ್ಲಿ ಪರಿಷ್ಕರಿಸಿ, ಹೊಸ ಶಾಸನಗಳನ್ನು ಕೂಡಿಸಿ, ಹೊಸ ಸಂಪುಟಗಳಲ್ಲಿ ಹೊರತಂದಿತು. ಶಾಸನಬದ್ಧವಾಗಿ ಸ್ಥಾಪಿತವಾದ ಸಂಸ್ಥೆಯು ತಾನೇ ಮಾಡಿಸಿ ಪ್ರಕಟಿಸಿದ ಗ್ರಂಥಕ್ಕೆ ಪ್ರಕಟಣೆಯ ಮರುವರ್ಷದಿಂದ ಅರವತ್ತು ವರ್ಷಗಳ ಸ್ವಾಮ್ಯವಿರುವುದರಿಂದ, 1975ರಲ್ಲಿ ಅಚ್ಚಾದದ್ದಕ್ಕೆ 2035 ಮುಗಿಯುವವರೆಗೂ ಅದು ಉಂಟು. ಹಾಗಾದರೆ ಸಾವಿರ ವರ್ಷದ ಹಿಂದಿನ ಮಾತಿಗೆ ಇಂದು ಒಡೆಯರು ಹುಟ್ಟಿಕೊಂಡರೆ? ಇಲ್ಲ. ಪೀಠಿಕೆ, ಅನುವಾದ, ಟಿಪ್ಪಣಿ ಇವು ಮಾತ್ರ ಹೊಸ ಬುದ್ಧಿಯ ಫಲ. ಬರಿಯ ಶ್ರಮ ಸಾಲದು, ಸ್ವಲ್ಪವಾದರೂ ಸ್ವಂತ ಸೃಷ್ಟಿಶಕ್ತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಹೇಳಿತು. ಅಲ್ಲಿ ಪ್ರಶ್ನೆ ನ್ಯಾಯಾಲಯದ ತೀರ್ಪುಗಳನ್ನು ಅಚ್ಚುಹಾಕುವುದರ ವಿಷಯವಾಗಿತ್ತು. ಶಾಸನದ ಪಾಠಕ್ಕೂ ಅದೇ ತರ್ಕವು ಹೊಂದುವುದೆಂದು ನಮ್ಮ ಅಭಿಪ್ರಾಯ. ಆದುದರಿಂದ ವಿದ್ಯಾರ್ಥಿಯು ಕಲ್ಲಿನ ಬಳಿಗೆ ಹೋಗಿ ತಾನೇ ಓದಿ ಬರೆದುಕೊಂಡ ಪಾಠವನ್ನು ನಿಶ್ಚಿಂತೆಯಿಂದ ಪ್ರಕಟಿಸಬಹುದು. ಪರಿಷ್ಕೃತ ಸಂಪುಟದ ಪೀಠಿಕೆ ಬೇಕಾದಲ್ಲಿ ಅದರಿಂದ ನಾಲ್ಕು ಮಾತನ್ನು ಉದ್ಧರಿಸಿ ಉಳಿದುದಕ್ಕೆ ಓದುಗನನ್ನು ಆ ಸಂಪುಟದ ಕಡೆಗೆ ಕಳುಹಿಸಬೇಕು.

ಹೀಗೆ ಕಳುಹಿಸುವ ಕೊಂಡಿಯ ಮಾತೇನು? ನಮ್ಮ ಅಧಿನಿಯಮವು ಕೊಂಡಿಯನ್ನು ಹೆಸರಿಸಿದ್ದು 2012ರ ತಿದ್ದುಪಡಿಯಲ್ಲಿ. ವಿದ್ಯುನ್ಮಾನ ಕೊಂಡಿಯನ್ನು ಒದಗಿಸುವ ಸಲುವಾಗಿ ಯಂತ್ರದಲ್ಲಿ ಕ್ಷಣಿಕವಾಗಿ ಅಥವಾ ಆನುಷಂಗಿಕವಾಗಿ ಪ್ರತಿಯೊಂದು ಉಳಿದರೆ ಅದು ಸ್ವಾಮ್ಯಭಂಗವಲ್ಲವೆಂದು ಐವತ್ತೆರಡನೆಯ ಪ್ರಕರಣದಲ್ಲಿ ಸೇರಿಸಿದರು. ಒಡೆಯನು ಸ್ಪಷ್ಟವಾಗಿ ನಿಷೇಧಿಸಿರಬಾರದು. ಪ್ರತಿಯು ಕಳವಿನದೆಂದು ನಂಬಲು ಕಾರಣವಿರಬಾರದು. ಒಡೆಯನು ಲಿಖಿತವಾಗಿ ದೂರು ಕೊಟ್ಟರೆ ಇಪ್ಪತ್ತೊಂದು ದಿನಗಳ ಕಾಲ ದಾರಿಯನ್ನು ಮುಚ್ಚಬೇಕು. ಅಷ್ಟರಲ್ಲಿ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಮತ್ತೆ ತೆರೆಯಬಹುದು. ಈ ವಾಕ್ಯವು ಕೊಂಡಿಯನ್ನು ಕುರಿತದ್ದಲ್ಲ, ಕೊಂಡಿಗಾಗಿ ಉಳಿಯುವ ಪ್ರತಿಯನ್ನು ಕುರಿತದ್ದು, ನಿಜ. ಆದರೂ ಕೊಂಡಿಯನ್ನು ಕೊಡುವುದೇ ಅಪರಾಧವೆಂದು ಶಾಸನಕರ್ತರು ತಿಳಿದಿದ್ದರೆ ಅದಕ್ಕಾಗಿ ಪ್ರತಿ ಉಳಿಯಲು ವಿನಾಯಿತಿಯನ್ನು ಕೊಡುತ್ತಿದ್ದರೆ? ಹೀಗೆಂದು ನಾವು ಊಹಿಸುವುದು ತಪ್ಪಾಗಲಾರದು.

ಹೊರದೇಶಗಳಲ್ಲಿ ಈ ಪ್ರಶ್ನೆ ನೇರವಾಗಿಯೇ ಬಂದಿದೆ. ಸ್ವೀಡನ್ನಿನ ಪತ್ರಕರ್ತರು ಕೆಲವರು, ತಮ್ಮ ಲೇಖನಗಳಿಗೆ ಕೊಂಡಿಯನ್ನು ಒದಗಿಸುತ್ತಿದ್ದ ರಿಟ್ರೀವರ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿದರು. ಪತ್ರಿಕೆಯ ತಾಣದಲ್ಲಿ ಆ ಲೇಖನಗಳು ಎಲ್ಲರಿಗೂ ಮುಕ್ತವಾಗಿದ್ದುವು. ಈಗಾಗಲೇ ಎಲ್ಲರಿಗೂ ತೆರೆದಿರುವುದಕ್ಕೆ ಕೊಂಡಿ ಕೊಟ್ಟರೆ ಹೊಸ ಓದುಗವರ್ಗವೇನೂ ಸೃಷ್ಟಿಯಾಗದು, ಆದುದರಿಂದ ಸ್ವಾಮ್ಯಭಂಗವಿಲ್ಲ ಎಂದು ಯೂರೋಪ್ ಒಕ್ಕೂಟದ ನ್ಯಾಯಾಲಯವು 2014ರಲ್ಲಿ ಹೇಳಿತು. ಚಂದಾದಾರರಿಗಷ್ಟೇ ತೆರೆಯುವ ಬಾಗಿಲನ್ನು ತಪ್ಪಿಸಿ ಒಳಗೆ ನುಗ್ಗಿಸುವ ಕೊಂಡಿಯ ಮಾತು ಬೇರೆ ಎಂದೂ ಎಚ್ಚರಿಸಿತು. ಕೆನಡದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ಮಾನಹಾನಿಯ ಮೊಕದ್ದಮೆಯೊಂದರಲ್ಲಿ, ಕೊಂಡಿಯನ್ನು ಅಡಿಟಿಪ್ಪಣಿಗೆ ಸಮನಾಗಿ ಕಂಡಿತು. ಹುದುಗಿಸಿದ ಚಿತ್ರದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಚಿತ್ರವು ಯಾರ ಸರ್ವರಿನಲ್ಲಿದೆಯೋ ಅವನೇ ಹೊಣೆ ಎಂದು ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯವು 2007ರಲ್ಲಿ ಹೇಳಿದರೆ, ನ್ಯೂಯಾರ್ಕಿನ ನ್ಯಾಯಾಲಯವು 2018ರಲ್ಲಿ ಅದನ್ನು ಒಪ್ಪಲಿಲ್ಲ. ಪರರ ಚಿತ್ರವನ್ನು ಹುದುಗಿಸುವ ಬದಲು ಅದರ ಹೆಸರಿಗೆ ಕೊಂಡಿಯನ್ನು ಕೊಡುವುದು ಕ್ಷೇಮ.

ಇಷ್ಟರಿಂದ ಯಾವ ಕೊಂಡಿಯೂ ನಿರ್ದೋಷವೆಂದು ತಿಳಿಯತಕ್ಕದ್ದಲ್ಲ. ದಾರಿ ತೋರುವವನಿಗೆ ದಾರಿಯ ಕೊನೆಯಲ್ಲಿ ಏನಿದೆ ಎಂಬುದು ತಿಳಿದಿತ್ತೆ? ಇದೇ ಮುಖ್ಯ. 2016ರಲ್ಲಿ ಯೂರೋಪಿನ ಅದೇ ನ್ಯಾಯಾಲಯದ ಮುಂದೆ, ಒಪ್ಪಿಗೆಯಿಲ್ಲದೆ ಸೋರಿಹೋದ ಛಾಯಾಚಿತ್ರಗಳಿಗೆ ಕೊಂಡಿ ಕೊಟ್ಟ ನೆದರ್ಲೆಂಡ್ಸಿನ ತಾಣವೊಂದರ ವಿಚಾರ ಬಂದಿತು. ಲಾಭಕ್ಕಾಗಿ ನಡೆಯುವ ತಾಣವು ತಾನು ತೋರಿಸುವುದು ಕಳವಿನ ಮಾಲಲ್ಲವೆಂದು ವಿಚಾರಿಸಿ ನೋಡಬೇಕಾಗಿತ್ತು ಎಂಬ ತೀರ್ಮಾನವಾಯಿತು. ಅದೇ ವರ್ಷ ದೆಹಲಿಯ ಉಚ್ಚ ನ್ಯಾಯಾಲಯವು ಮೈಸ್ಪೇಸ್ ಮೊಕದ್ದಮೆಯಲ್ಲಿ, ಇತರರು ಏರಿಸಿದ ಹಾಡುಗಳಿಗೆ ತಾಣವನ್ನು ಹೊಣೆ ಮಾಡಬೇಕಾದರೆ ಇಂಥದೇ ಕೃತಿಯು ಅಕ್ರಮವೆಂಬ ನಿಶ್ಚಿತವಾದ ಅರಿವು ಅದಕ್ಕಿರಬೇಕು, ಬರಿಯ ಸಂದೇಹ ಸಾಲದು ಎಂದಿತು.

ನಮ್ಮ ವಿದ್ಯಾರ್ಥಿಗಳಿಗೆ ಅತ್ಯಂತ ಸಮೀಪದ ಸಂಗತಿ ಇದೇ. ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಕನ್ನಡ ಕಾದಂಬರಿಗಳ, ಪರೀಕ್ಷಾ ಕೈಪಿಡಿಗಳ ಪುಟಗಳನ್ನೆಲ್ಲ ಸೆರೆಹಿಡಿದ ಕಡತಗಳು ಕೈಯಿಂದ ಕೈಗೆ ಹರಿದಾಡುತ್ತಿರುವುದು ಎಲ್ಲರಿಗೂ ಗೊತ್ತು. ಕಡತವನ್ನೇ ಕಳುಹಿಸಿದಾಗ ಅದು ಪ್ರತಿ. ಅಲ್ಲಿ ವಾದವೇ ಇಲ್ಲ. ‘ನಾನು ಕೊಟ್ಟದ್ದು ಕೊಂಡಿ ಮಾತ್ರ’ ಎನ್ನುವವನು ಯಂತ್ರದ ಮಾತನ್ನು ಸರಿಯಾಗಿಯೇ ಆಡುತ್ತಾನೆ. ಆದರೆ ಆ ಕಡತವು ಲೇಖಕನ ಒಪ್ಪಿಗೆಯಿಂದ ಅಲ್ಲಿಗೆ ಬಂದದ್ದಲ್ಲವೆಂಬುದು ಅವನಿಗೆ ತಿಳಿದೇ ಇದೆ. ಕನ್ನಡ ಪುಸ್ತಕವು ಒಂದು ಮುದ್ರಣಕ್ಕೆ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುವುದು. ಸಾವಿರದಲ್ಲಿ ಇನ್ನೂರು ಉಳಿದುಹೋದರೆ ಪ್ರಕಾಶಕನು ಎರಡನೆಯ ಪುಸ್ತಕಕ್ಕೆ ಕೈಹಾಕಲು ಯೋಚಿಸುವನು. ಇಂಗ್ಲಿಷಿನ ದೊಡ್ಡ ಪ್ರಕಾಶನ ಸಂಸ್ಥೆಯು ತಡೆದುಕೊಳ್ಳಬಲ್ಲ ಪೆಟ್ಟನ್ನು ಮೈಸೂರಿನ ಒಂದು ಕೋಣೆಯ ಪ್ರಕಾಶನ ತಡೆದುಕೊಳ್ಳಲಾರದು.

ತರಗತಿಯ ಅಗತ್ಯಕ್ಕೆ ಅಧಿನಿಯಮವು ಉದಾರವಾಗಿಯೇ ಇದೆ. ಸ್ವಂತ ಅಭ್ಯಾಸ, ಸಂಶೋಧನೆ, ವಿಮರ್ಶೆಗಳಿಗೆ ನ್ಯಾಯವಾದಷ್ಟನ್ನು ಬಳಸಿಕೊಳ್ಳಬಹುದು. ಬೋಧನೆಯ ಸಂದರ್ಭದಲ್ಲಿ ಗುರುವಾಗಲಿ ಶಿಷ್ಯನಾಗಲಿ ಪ್ರತಿ ಮಾಡಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾನಿಲಯದ ಆವರಣದ ನಕಲು ಅಂಗಡಿಯೊಂದು ಪಾಠದ ಭಾಗಗಳನ್ನು ಒಟ್ಟುಗೂಡಿಸಿ ಮಾರುತ್ತಿದ್ದುದನ್ನು ಪ್ರತಿಷ್ಠಿತ ಪ್ರಕಾಶಕರು ಪ್ರಶ್ನಿಸಿದಾಗ, 2016ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಈ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ಈ ವಿನಾಯಿತಿ ತರಗತಿಯ ಬೋಧನೆಗೆ ಸಂಬಂಧಿಸಿದ್ದು. ಜಗತ್ತಿಗೆಲ್ಲ ತೆರೆದ ಜಾಲಪುಟಕ್ಕೆ ಅದನ್ನು ಎಳೆದುತರಲಾಗದು.

ಹೆಗ್ಗಡದೇವನಕೋಟೆಯ ಕಾಡಿನಂಚಿನ ಹಾಡಿಗಳಲ್ಲಿ ಜೇನುಕುರುಬರ ಹಾಡನ್ನು ಧ್ವನಿಮುದ್ರಿಸುವವರು ಇನ್ನೊಂದು ವಿಷಯವನ್ನು ಮರೆಯಬಾರದು. ಆ ಹಾಡಿಗೆ ಗೊತ್ತಾದ ಕರ್ತೃವಿಲ್ಲ, ನಿಜ. ಹಾಡಿದವಳು ಇದ್ದಾಳೆ. ಅವಳ ಹಾಡುಗಾರಿಕೆಗೆ ಪ್ರದರ್ಶಕರ ಹಕ್ಕೆಂಬುದು ಐವತ್ತು ವರ್ಷಗಳವರೆಗೆ ಉಂಟು. ಸ್ವಂತ ಬಳಕೆಗೋ ನಿಜವಾದ ಬೋಧನೆ, ಸಂಶೋಧನೆಗಳಿಗೋ ಮಾಡಿಕೊಂಡ ಧ್ವನಿಮುದ್ರಣಕ್ಕೆ ವಿನಾಯಿತಿಯಿದೆ. ಅದನ್ನು ಯೂಟ್ಯೂಬಿಗೆ ಏರಿಸಿ ಹಣ ಗಳಿಸಲು ಅವಳ ಒಪ್ಪಿಗೆ ಬೇಕು. ಸಿನಿಮಾ ಸಂಸ್ಥೆಗಳ ಹಾಡಿಗೆ ಹೆದರುವ ನಾವು ಹಾಡಿಯ ಹೆಂಗಸಿನ ಹಾಡಿಗೆ ಹೆದರುವುದಿಲ್ಲ; ಅವಳು ನೋಟೀಸು ಕಳುಹಿಸಲಾರಳೆಂಬುದೇ ಕಾರಣ.

ಒಡೆಯರೇ ಬಾಗಿಲನ್ನು ತೆರೆದಿಟ್ಟ ನಿದರ್ಶನಗಳೂ ನಮ್ಮಲ್ಲಿವೆ. ಜಿನೀವದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಯೋಜಿಸಿದ ವಿಶ್ವಜಾಲದ ತಂತ್ರಾಂಶವನ್ನೇ ಆ ಸಂಸ್ಥೆಯು 1993ರ ಏಪ್ರಿಲ್ 30ರಂದು ಸರ್ವರಿಗೂ ಬಿಟ್ಟುಕೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಒದಗಿಸಿತು. ಅದೇ ವರ್ಷ ನಿರಂಜನರ ಕುಟುಂಬದವರು ಅವರ ಕೃತಿಗಳನ್ನು ಹಾಗೆಯೇ ಮುಕ್ತಗೊಳಿಸಿದರು. ಮೂಲವನ್ನು ಹೆಸರಿಸಬೇಕು, ಮಾರ್ಪಡಿಸಿದ್ದನ್ನೂ ಅದೇ ನಿಬಂಧನೆಯಲ್ಲಿ ಹಂಚಬೇಕು; ಇವಿಷ್ಟೇ ಷರತ್ತು. ಇಂಥವುಗಳಿಗೆ ಕೊಂಡಿಯನ್ನಷ್ಟೇ ಕೊಟ್ಟು ಸುಮ್ಮನಿರಬೇಕಾಗಿಲ್ಲ, ಪ್ರತಿಯನ್ನೇ ತರಬಹುದು.

ಪ್ರತಿಯ ಮಾತು ಬಂದಾಗ ಕೊಂಡಿಯ ಒಂದು ದೌರ್ಬಲ್ಯವನ್ನೂ ಹೇಳಬೇಕು. ಕೊಂಡಿ ಸಾಯುತ್ತದೆ. ಇಂದು ತೆರೆಯುವ ಪುಟವು ಐದು ವರ್ಷಗಳ ಮೇಲೆ ತೆರೆಯದು. ತಾಣದ ಹೆಸರು ಬದಲಾಗುವುದು, ಸರ್ವರಿಗೆ ಹಣ ಕಟ್ಟುವವರು ಇಲ್ಲವಾಗುವರು. ಇದೂ ಹೊಸದಲ್ಲ. ರೈಸ್ ಅವರ ಕಾಲದಲ್ಲಿ ಕೃಷ್ಣರಾಜನಗರವೆಂಬ ಊರೇ ಇರಲಿಲ್ಲ. ಅಂದಿನ ಹೆಸರು ಎಡತೊರೆ. ಕಾವೇರಿಯ ಪ್ರವಾಹಕ್ಕೆ ಆ ಊರು ಸಿಕ್ಕಿದ ಮೇಲೆ ಹೊಸ ಪಟ್ಟಣವನ್ನು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನಿಟ್ಟರು. ಪರಿಷ್ಕೃತ ಸಂಪುಟಗಳಲ್ಲಿ ಈ ತಾಲೂಕುಗಳು ಬೇರೆ ಬೇರೆ ಸಂಪುಟಗಳಿಗೆ ಹಂಚಿಹೋಗಿ, ಶಾಸನಗಳ ಅಂಕಿಗಳೂ ಬದಲಾದುವು. ಹಾಗಾಗಿ ಇಂದಿನ ಸಂಶೋಧಕರು ಹಳೆಯದೋ ಪರಿಷ್ಕೃತವೋ ಎಂಬುದನ್ನು ಸೂಚಿಸಿಯೇ ಅಂಕಿಯನ್ನು ಬರೆಯುತ್ತಾರೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿದುವು. ಅಂಥ ಹಳ್ಳಿಯ ಕಲ್ಲಿನ ವಿಳಾಸವನ್ನು ಹಿಡಿದು ಇಂದು ಹೊರಟವನಿಗೆ ಸಿಗುವುದು ನೀರು. ಪಾಠವು ಉಳಿದಿರುವುದು 1898ರಲ್ಲಿ ಯಾರೋ ಅದನ್ನು ಪ್ರತಿ ಮಾಡಿಕೊಂಡುದರಿಂದ.

ಆದುದರಿಂದ ಜಾಲಪುಟವನ್ನು ಕಟ್ಟುವ ವಿದ್ಯಾರ್ಥಿಯು ಬರಿಯ ವಿಳಾಸವನ್ನು ಬರೆಯದೆ, ಲೇಖಕನ ಹೆಸರು, ಕೃತಿಯ ಹೆಸರು, ಪ್ರಕಟವಾದ ವರ್ಷ, ತಾನು ನೋಡಿದ ದಿನಾಂಕ ಇವನ್ನೂ ಕೊಂಡಿಯ ಜೊತೆಗೆ ಬರೆದಿಡಬೇಕು. ವಿಳಾಸವು ಸತ್ತರೂ ಗ್ರಂಥಾಲಯದಲ್ಲಿ ಹುಡುಕಲು ಅಷ್ಟು ಸಾಕಾಗುವುದು. ಸ್ವಾಮ್ಯದ ಅವಧಿ ಮುಗಿದುದನ್ನೂ ಒಡೆಯರೇ ಮುಕ್ತಗೊಳಿಸಿದುದನ್ನೂ ಪ್ರತಿ ಮಾಡಿಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಉಳಿದುವುಗಳ ಪ್ರತಿಯನ್ನು ತನ್ನ ಅಭ್ಯಾಸಕ್ಕೆಂದು ತನ್ನ ಬಳಿಯೇ ಇಟ್ಟುಕೊಂಡು, ಪುಟದ ಮೇಲೆ ಕೊಂಡಿಯನ್ನು ಮಾತ್ರ ತೋರಿಸಬಹುದು.